ಬಾಗಿಲು ಹಾಕಿಕೊಂಡು ಆಡಿದ ಪಂದ್ಯ

ನಮ್ಮ ಕೃಷ್ಣರಾಜನಗರ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಆಟ ಅಂದರೆ ಕಬಡ್ಡಿ, ಖೋ ಖೋ, ವಾಲಿಬಾಲ್, ಕ್ರಿಕೆಟ್. ಬಾಸ್ಕೆಟ್‌ಬಾಲ್ ಆಡಿದವರು ಕಡಿಮೆ. ಆದರೂ ಒಬ್ಬ ಬಾಸ್ಕೆಟ್‌ಬಾಲ್ ಕೋಚ್ ಕಥೆ ನಿಮಗೆ ಹೇಳಬೇಕು ಅನ್ನಿಸಿತು. ಯಾಕೆಂದರೆ ಅದು ನೀರು ಮುಟ್ಟುವ, ಜೊತೆಯಲ್ಲಿ ಕೂತು ಉಣ್ಣುವ ಕಥೆಯೂ ಹೌದು.

ಈ ಆಟ ಹುಟ್ಟಿದ್ದು 1891ರ ಡಿಸೆಂಬರ್‌ನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಊರಿನಲ್ಲಿ. ಚಳಿಗೆ ಹೊರಗೆ ಆಡಲಾಗದ ಹುಡುಗರಿಗಾಗಿ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರು ಗೋಡೆಗೆ ಪೀಚ್ ಹಣ್ಣಿನ ಬುಟ್ಟಿ ಕಟ್ಟಿ, 13 ನಿಯಮ ಬರೆದರು. ಅದೇ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಓದಿದ ಹ್ಯಾರಿ ಬಕ್ ಎಂಬುವವರು 1920ರಲ್ಲಿ ಮದ್ರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ಶುರು ಮಾಡಿದರು. ದಕ್ಷಿಣ ಭಾರತದ ಎಷ್ಟೋ ಪಿ.ಟಿ. ಮೇಷ್ಟ್ರುಗಳು ಅಲ್ಲಿ ತಯಾರಾದರು.

ನೈಸ್ಮಿತ್ ಮುಂದೆ ಕ್ಯಾನ್ಸಸ್ ವಿಶ್ವವಿದ್ಯಾಲಯ ಸೇರಿದರು. 1933ರಲ್ಲಿ ಅಲ್ಲಿಗೆ ಒಬ್ಬ ಕರಿಯ ಹುಡುಗ ಬಂದ. ಹೆಸರು ಜಾನ್ ಮೆಕ್‌ಲೆಂಡನ್. ನೈಸ್ಮಿತ್ ಹತ್ತಿರವೇ ಕಲಿಯಬೇಕೆಂದು ತಂದೆ ಹೇಳಿ ಕಳಿಸಿದ್ದರು. ನೈಸ್ಮಿತ್ ಒಪ್ಪಿ ಕಲಿಸಿದರು. ಆದರೆ ವಿಶ್ವವಿದ್ಯಾಲಯದ ತಂಡದಲ್ಲಿ ಕರಿಯರಿಗೆ ಜಾಗವಿರಲಿಲ್ಲ. ಆಟ ಕಂಡುಹಿಡಿದವರೇ ಗುರು, ಶಿಷ್ಯ ಮಾತ್ರ ಅಂಗಳಕ್ಕೆ ಇಳಿಯುವ ಹಾಗಿಲ್ಲ!

ಅಲ್ಲಿನ ಈಜುಕೊಳದಲ್ಲೂ ಅದೇ ಕಥೆ. ಮೆಕ್‌ಲೆಂಡನ್ ಈಜಿದ ಮೇಲೆ ಕೊಳದ ನೀರನ್ನೇ ಖಾಲಿ ಮಾಡಿಸಿದರು. ಅವರು ಪಟ್ಟು ಬಿಡಲಿಲ್ಲ, ಕೊನೆಗೆ ಕೊಳ ಎಲ್ಲರಿಗೂ ತೆರೆಯಿತು. ಇದನ್ನು ಓದುವಾಗ ನಮಗೆ ನೆನಪಾದದ್ದು ಮಹಾಡ್. 1927ರ ಮಾರ್ಚ್ 20ರಂದು ಅಂಬೇಡ್ಕರ್ ಅವರು ಚವದಾರ್ ಕೆರೆಯ ನೀರು ಕುಡಿದರು. ಆಮೇಲೆ ಮೇಲ್ಜಾತಿಯವರು ಗಂಜಲ, ಸಗಣಿ ಹಾಕಿ ಕೆರೆಯನ್ನು ‘ಶುದ್ಧಿ’ ಮಾಡಿದರು. ದೇಶ ಬೇರೆ, ರೋಗ ಒಂದೇ.

1936ರಲ್ಲಿ ಪದವಿ ಪಡೆದ ಮೆಕ್‌ಲೆಂಡನ್, ಡರ್ಹಮ್ ಊರಿನ ಕರಿಯರ ಕಾಲೇಜು ಸೇರಿ, 1940ರಿಂದ 1952ರವರೆಗೆ ಮುಖ್ಯ ಕೋಚ್ ಆಗಿದ್ದರು. ಆಗ ಬಾಸ್ಕೆಟ್‌ಬಾಲ್ ನಿಧಾನದ ಆಟ. ಇವರು ಹುಡುಗರನ್ನು ಮೈಲಿಗಟ್ಟಲೆ ಓಡಿಸಿ ದಮ್ಮು ಕಟ್ಟಿಸಿದರು. ಚೆಂಡು ಸಿಕ್ಕ ಕೂಡಲೇ ಎದುರಾಳಿ ಸುಧಾರಿಸಿಕೊಳ್ಳುವ ಮೊದಲೇ ಬುಟ್ಟಿಯತ್ತ ನುಗ್ಗುವುದು, ಅಂಗಳದ ಉದ್ದಕ್ಕೂ ಎದುರಾಳಿಗೆ ಉಸಿರಾಡಲು ಬಿಡದಿರುವುದು ಅವರ ದಾರಿ. ಇವತ್ತು ಟಿವಿಯಲ್ಲಿ ಕಾಣುವ ವೇಗದ ಆಟದ ಬೇರು ಅಲ್ಲೂ ಇದೆ.

ಅದೇ ಊರಿನಲ್ಲಿ ಬಿಳಿಯರ ಡ್ಯೂಕ್ ವಿಶ್ವವಿದ್ಯಾಲಯವಿತ್ತು. ಅದರ ವೈದ್ಯಕೀಯ ಕಾಲೇಜಿನ ತಂಡದಲ್ಲಿ ಬೇರೆ ಬೇರೆ ಕಾಲೇಜುಗಳಲ್ಲಿ ಆಡಿ ಪಳಗಿದವರಿದ್ದರು. ಬಿಳಿಯರು, ಕರಿಯರು ಒಟ್ಟಿಗೆ ಆಡುವುದು ಅಲ್ಲಿ ಆಗದ ಮಾತು. 1944ರ ಮಾರ್ಚ್ 12, ಭಾನುವಾರ. ಊರೆಲ್ಲ ಚರ್ಚಿನಲ್ಲಿದ್ದ ಹೊತ್ತಿಗೆ ಡ್ಯೂಕ್ ಹುಡುಗರು ಗುಟ್ಟಾಗಿ ಇವರ ಕಾಲೇಜಿಗೆ ಬಂದರು. ಬಾಗಿಲು ಹಾಕಿಕೊಂಡು ಪಂದ್ಯ ಶುರುವಾಯಿತು. ಮೆಕ್‌ಲೆಂಡನ್ ತಂಡ 88–44ರಿಂದ ಗೆದ್ದಿತು.

ನಮಗೆ ಆ ಸ್ಕೋರಿಗಿಂತ ದೊಡ್ಡದಾಗಿ ಕಂಡದ್ದು ಆಮೇಲಿನದು. ಎರಡೂ ಕಡೆಯವರು ಬೆರೆತು ಹೊಸದಾಗಿ ತಂಡ ಮಾಡಿಕೊಂಡು ಇನ್ನೊಂದು ಪಂದ್ಯ ಆಡಿದರು. ಒಬ್ಬರ ಬೆವರು ಒಬ್ಬರಿಗೆ ಅಂಟಿತು, ಯಾರ ಮೈಯೂ ಸವೆಯಲಿಲ್ಲ. ಈ ಸುದ್ದಿ ಹೊರಜಗತ್ತಿಗೆ ತಿಳಿದದ್ದು 1996ರಲ್ಲಿ, ಅಂದರೆ 52 ವರ್ಷದ ಮೇಲೆ.

ಮುಂದೆ ಅವರು ನ್ಯಾಶ್‌ವಿಲ್‌ನ ಟೆನೆಸ್ಸಿ ಎ ಅಂಡ್ ಐ ಕಾಲೇಜಿಗೆ ಹೋದರು. ಕ್ಯಾನ್ಸಸ್ ಸಿಟಿಯ ಟೂರ್ನಿಗೆ ಕರೆ ಬಂದಾಗ, ಬಿಳಿಯರ ತಂಡಗಳು ಇಳಿದುಕೊಳ್ಳುವ ಹೋಟೆಲಿನಲ್ಲೇ ನಮ್ಮ ಹುಡುಗರಿಗೂ ಜಾಗ ಕೊಡಬೇಕು ಎಂದು ಪಟ್ಟು ಹಿಡಿದರು. ಕೊಟ್ಟರು. 1957, 1958, 1959, ಸತತ ಮೂರು ವರ್ಷ ಅವರ ತಂಡ ಎನ್‌ಎಐಎ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. 1966ರಲ್ಲಿ ಕ್ಲೀವ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಕೋಚ್ ಆದರು. ಬಿಳಿಯರೇ ಹೆಚ್ಚಿರುವ ವಿಶ್ವವಿದ್ಯಾಲಯವೊಂದಕ್ಕೆ ಕರಿಯರೊಬ್ಬರು ಮುಖ್ಯ ಬಾಸ್ಕೆಟ್‌ಬಾಲ್ ಕೋಚ್ ಆದದ್ದು ಅದೇ ಮೊದಲು.

ಗುರು ನೈಸ್ಮಿತ್ ಹೆಸರಿನ ಹಾಲ್ ಆಫ್ ಫೇಮ್‌ಗೆ 1979ರಲ್ಲಿ ಅವರನ್ನು ಸೇರಿಸಿದರು. ಆದರೆ ಕೋಚ್ ಎಂದಲ್ಲ, ಆಟಕ್ಕೆ ಕೊಡುಗೆ ಕೊಟ್ಟವರು ಎಂದು. 1999ರಲ್ಲಿ ಅವರು ತೀರಿಕೊಂಡರು. ಕೋಚ್ ಎಂದು ಒಪ್ಪಿ ಮತ್ತೆ ಸೇರಿಸಿದ್ದು 2016ರಲ್ಲಿ.

ನಮ್ಮೂರುಗಳಲ್ಲೂ ಬೆಳಿಗ್ಗೆ ಐದಕ್ಕೆ ಎದ್ದು ಮಕ್ಕಳನ್ನು ಓಡಿಸುವ ಪಿ.ಟಿ. ಮೇಷ್ಟ್ರುಗಳಿದ್ದಾರೆ. ಅವರ ಕಪ್ಪುಗಳನ್ನು ನಾವು ಎಣಿಸುತ್ತೇವೆ. ಆ ತಂಡದಲ್ಲಿ ಯಾವ ಯಾವ ಕೇರಿಯ ಮಕ್ಕಳಿದ್ದಾರೆ, ಆಟ ಮುಗಿದ ಮೇಲೆ ಎಲ್ಲರೂ ಒಂದೇ ಬಿಂದಿಗೆಯ ನೀರು ಕುಡಿಯುತ್ತಾರಾ ಎಂಬುದನ್ನೂ ನೋಡೋಣ. ಮೆಕ್‌ಲೆಂಡನ್ ಬಾಗಿಲು ಹಾಕಿಕೊಂಡು ಆಡಿಸಬೇಕಾಯಿತು. ನಮ್ಮ ಮೈದಾನಕ್ಕೆ ಬಾಗಿಲೇ ಇಲ್ಲ.