ಕನ್ನಡ ಕೀಪ್ಯಾಡ್ (ಮೊಬೈಲ್ ಫೋನ್)

ಫೋನ್ ಹಿಡಿದ ಕೈಯ ಹೆಬ್ಬೆರಳಿನಿಂದಲೇ ಕನ್ನಡ ಬರೆಯಲು ರೂಪಿಸಿದ ಗುಂಡಿಗಳ ಜೋಡಣೆ. ಇದರ ಇತಿಹಾಸವನ್ನು ಗುಂಡಿಯ ಗಾತ್ರದ ಕಥೆಯಾಗಿ ಹೇಳುವುದು ವಾಡಿಕೆ. ಕನ್ನಡದ ಮಟ್ಟಿಗೆ ಅದಕ್ಕಿಂತ ಹಿರಿದಾದ ಪ್ರಶ್ನೆ, ಒಂದು ಅಕ್ಷರ ಮೂಡಲು ಎಷ್ಟು ಸಲ ಒತ್ತಬೇಕು ಎಂಬುದು. 1948ರಲ್ಲಿ ಆರಂಭವಾದ ದೂರವಾಣಿ ಕಾರ್ಖಾನೆ ಐಟಿಐ, ವೈಟ್‌ಫೀಲ್ಡ್ ಕಡೆಯ ದೂರವಾಣಿನಗರದಲ್ಲಿ ತಯಾರಿಸಿದ ಡಯಲ್ ಫೋನ್‌ಗಳಿಗೆ ತೋರುಬೆರಳೇ ಸಾಕಿತ್ತು. ಅಮೆರಿಕದ ಬೆಲ್ ಪ್ರಯೋಗಾಲಯದ 1960ರ ಅಧ್ಯಯನದ ಮೇಲೆ ನಿಂತು 1963ರಲ್ಲಿ ಬಳಕೆಗೆ ಬಂದ ಅಂಕಿಗಳ ಗುಂಡಿಮಣೆಯೂ ಮೇಜಿನ ಫೋನಿನದೇ. ಮೊಬೈಲ್ ಅದನ್ನು ಅಂಗೈಗೆ ತಂದಾಗ ಹೊರೆ ಹೆಬ್ಬೆರಳಿಗೆ ಬಿತ್ತು.

ಬಟನ್ ಫೋನಿನಲ್ಲಿ ಗುಂಡಿ ದೊಡ್ಡದು, 5ರ ಮೇಲಿನ ಉಬ್ಬು ಕಣ್ಣು ಮಂದವಾದವರಿಗೂ ದಾರಿ ತೋರುತ್ತಿತ್ತು. ಆದರೆ 49 ಅಕ್ಷರಗಳನ್ನು ಎಂಟೊಂಬತ್ತು ಗುಂಡಿಗಳಿಗೆ ಹಂಚಿದರೆ ಒಂದೊಂದಕ್ಕೂ ಐದಾರು ಅಕ್ಷರ. ಮತ್ತೆ ಮತ್ತೆ ಒತ್ತಬೇಕು. ಟಚ್‌ಸ್ಕ್ರೀನ್ ಬಂದಾಗ ತೊಡಕು ತಿರುವುಮುರುವಾಯಿತು. ಕೆ.ಪಿ. ರಾವ್ ಅವರ ಕನ್ನಡ ಕೀಲಿಮಣೆಯ ವಿನ್ಯಾಸ ಕಂಪ್ಯೂಟರಿನಲ್ಲಿ ಹತ್ತು ಬೆರಳಿಗೆ ಹೊಂದಿಕೊಂಡದ್ದು. ಅದನ್ನು 65–70 ಮಿ.ಮೀ. ಅಗಲದ ಪರದೆಗೆ ಇಳಿಸಿದರೆ, ಸಾಲಿಗೆ ಹತ್ತು ಗುಂಡಿಯಂತೆ ಪ್ರತಿಯೊಂದಕ್ಕೂ 7 ಮಿ.ಮೀ.ಗಿಂತ ಹೆಚ್ಚು ಜಾಗ ಸಿಗದು. ಒಂದೇ ಹೆಬ್ಬೆರಳಿನ ಬಳಕೆಯನ್ನು ಅಳೆದ ಪರ್ಹಿ, ಕಾರ್ಲ್‌ಸನ್, ಬೆಡರ್ಸನ್ ಅವರ 2006ರ ಅಧ್ಯಯನ ಬಿಡಿ ಒತ್ತಿಗೆ 9.2, ಸತತ ಒತ್ತಿಗೆ 9.6 ಮಿ.ಮೀ. ಬೇಕೆಂದಿತು. ಮೇಲಾಗಿ, ಈ ವಿನ್ಯಾಸದಲ್ಲಿ ‘ಸ್ತ್ರೀ’ ಎಂದು ಬರೆಯಲು ಆರು ಒತ್ತು, ದೀರ್ಘಕ್ಕೆ ಶಿಫ್ಟ್ ಬೇರೆ.

ಆದ್ದರಿಂದ ನಿಜವಾದ ತಿರುವು ಟಚ್‌ಸ್ಕ್ರೀನ್ ಅಲ್ಲ, ಕಾಗುಣಿತವನ್ನೇ ಆಧಾರವಾಗಿಟ್ಟುಕೊಂಡ ಪ್ರಯತ್ನಗಳು. ಪೀಣ್ಯಕ್ಕೆ ಹತ್ತಿರದ ಜಾಲಹಳ್ಳಿಯ ಬಿಇಎಲ್ ಸಹಯೋಗದಲ್ಲಿ 2004ರಲ್ಲಿ ಮಾರುಕಟ್ಟೆಗೆ ಬಂದ ಸಿಂಪ್ಯೂಟರ್ ಎಂಬ ಕೈಗಣಕ ಬರಹಕ್ಕೆ ಕಡ್ಡಿಯನ್ನು ನೆಚ್ಚಿತ್ತು. ಬೆಂಗಳೂರಿನ ಎಚ್‌ಪಿ ಲ್ಯಾಬ್ಸ್‌ನ ಜೆಸ್ಚರ್ ಕೀಬೋರ್ಡ್ ವ್ಯಂಜನದ ಮೇಲೆ ಲೇಖನಿಯಿಂದ ಸ್ವರಚಿಹ್ನೆ ಎಳೆಯುವ ಕ್ರಮ ತಂದಿತು. ಐಐಟಿ ಬಾಂಬೆಯ ‘ಸ್ವರಚಕ್ರ’ ಅದೇ ತತ್ವವನ್ನು ಬೆರಳಿಗೆ ಒಗ್ಗಿಸಿತು: ವ್ಯಂಜನ ಮುಟ್ಟಿದೊಡನೆ ಸುತ್ತಲೂ ಗುಣಿತಾಕ್ಷರಗಳು ತೆರೆದುಕೊಳ್ಳುತ್ತವೆ, ಬೆರಳು ಜಾರಿಸಿ ಆರಿಸಿದರಾಯಿತು. ಜಾರಿಸುವುದು ನಡುಗುವ ಕೈಗೆ ಕಷ್ಟ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಶಾಲೆಯಲ್ಲಿ ಕಲಿತ ವರ್ಣಮಾಲೆಯ ಕ್ರಮ ಹಿರಿಯರಿಗೆ ಇಂಗ್ಲಿಷ್ ಕೀಲಿಮಣೆಗಿಂತ ಪರಿಚಿತ. ಧ್ವನಿ ಟೈಪಿಂಗ್ ಇರುವಾಗ ಇದೆಲ್ಲ ಏಕೆ ಎಂಬ ವಾದ ಪೀಣ್ಯದ ಯಂತ್ರಗಳ ಸದ್ದಿನಲ್ಲೂ ಎಲೆಕ್ಟ್ರಾನಿಕ್ ಸಿಟಿಯ ತುಂಬಿದ ಬಸ್ಸಿನಲ್ಲೂ ನಿಲ್ಲದು. ಭಾರತೀಯ ಮಾನಕ ಐಎಸ್ 16333 (ಭಾಗ 3), 2016, ಫೋನ್‌ಗಳಲ್ಲಿ ಹಿಂದಿ, ಇಂಗ್ಲಿಷ್ ಜೊತೆಗೆ ಕನಿಷ್ಠ ಮತ್ತೊಂದು ಭಾರತೀಯ ಭಾಷೆಯಲ್ಲಿ ಬರೆಯುವ ಅನುಕೂಲವನ್ನು ಕಡ್ಡಾಯಗೊಳಿಸಿತು. ಆ ಅನುಕೂಲ ಎಲ್ಲ ವಯಸ್ಸಿನವರಿಗೂ ದಕ್ಕಬೇಕಾದರೆ ಒಂದೇ ವಿನ್ಯಾಸ ಸಾಲದು. ರೋಮನ್ ಲಿಪಿಯ ರೂಢಿಯ ಯುವಕರಿಗೂ ವರ್ಣಮಾಲೆಯ ರೂಢಿಯ ಹಿರಿಯರಿಗೂ ಆಯ್ಕೆ ಫೋನಿನಲ್ಲೇ ಇರಬೇಕು.