ಕಸುಬೇ ಹೆಸರಾದಾಗ

ಹೆಸರಿನ ಜೊತೆಗೆ ಪದವಿ, ಬಿರುದುಗಳನ್ನು ಸೇರಿಸಿಕೊಳ್ಳುವುದು ಲೋಕರೂಢಿ. ಆದರೆ 12ನೇ ಶತಮಾನದ ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಶರಣರ ಹೆಸರಿನ ಮುಂದೆ ನಿಂತದ್ದು ಅವರ ಕಸುಬು. ಮಡಿವಾಳ ಮಾಚಿದೇವರದು ಬಟ್ಟೆ ಒಗೆಯುವ ಕಾಯಕ. ಅಂಬಿಗರ ಚೌಡಯ್ಯನವರದು ದೋಣಿ ನಡೆಸುವ ಕಾಯಕ. ನುಲಿಯ ಚಂದಯ್ಯನವರದು ಹಗ್ಗ ಹೊಸೆಯುವುದು, ಕದಿರ ರೆಮ್ಮವ್ವೆಯವರದು ನೂಲುವುದು.

ಯಾವ ಕಸುಬಿನ ಹೆಸರು ಹಿಡಿದು ಸಮಾಜ ಜನರನ್ನು ದೂರ ಇಟ್ಟಿತ್ತೋ, ಅದೇ ಹೆಸರು ಇಲ್ಲಿ ಗೌರವದ ಗುರುತಾಯಿತು. ವಚನಕಾರರು ಸಾಮಾನ್ಯವಾಗಿ ಇಷ್ಟದೈವದ ಹೆಸರನ್ನು ಅಂಕಿತವಾಗಿ ಬಳಸಿದರೆ, ಚೌಡಯ್ಯನವರು ತಮ್ಮ ಹೆಸರನ್ನೇ ಬಳಸಿದರು. ಸೂಳೆ ಸಂಕವ್ವೆಯವರು ತಮ್ಮ ಹಿಂದಿನ ಬದುಕನ್ನು ಮುಚ್ಚಿಡಲಿಲ್ಲ. ದೊರೆತಿರುವ ಅವರ ಒಂದೇ ವಚನ, ಆ ವೃತ್ತಿಯ ಮಾತಿನಲ್ಲೇ ನಿಷ್ಠೆಯನ್ನು ವಿವರಿಸುತ್ತದೆ.

ಶರಣರಿಗೆ ಯಾವ ಕೆಲಸ ಎಂಬುದು ಮುಖ್ಯವಾಗಿರಲಿಲ್ಲ. ಹೇಗೆ ಮಾಡಿದರು ಎಂಬುದು ಮುಖ್ಯವಾಗಿತ್ತು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಆಯ್ದಕ್ಕಿ ಮಾರಯ್ಯನವರು ಒಮ್ಮೆ ಅಗತ್ಯಕ್ಕಿಂತ ಹೆಚ್ಚು ತಂದಾಗ, ಪತ್ನಿ ಲಕ್ಕಮ್ಮನವರು ಹೆಚ್ಚಿನದನ್ನು ಹಿಂದಿರುಗಿಸಲು ಹೇಳಿದರೆಂಬ ಕಥೆ ಪ್ರಸಿದ್ಧ. ಬಡತನಕ್ಕೆ ಅಲ್ಲಿ ನಾಚಿಕೆ ಇರಲಿಲ್ಲ, ಆಸೆಗೆ ಇತ್ತು.

ಸಮಗಾರ ಹರಳಯ್ಯನವರ ಕಥೆಯೂ ಜನಜನಿತ. ಅವರು ಒಮ್ಮೆ 'ಶರಣು' ಎಂದಾಗ ಬಸವಣ್ಣನವರು 'ಶರಣು ಶರಣಾರ್ಥಿ' ಎಂದು ಎರಡು ಪಟ್ಟು ಮರಳಿಸಿದರಂತೆ. ಮಂತ್ರಿಯ ಸ್ಥಾನದಲ್ಲಿದ್ದವರು ಚಪ್ಪಲಿ ಹೊಲಿಯುವವರಿಗೆ ಹೆಚ್ಚು ಬಾಗಿದ್ದೇ ಆ ಕಾಲಕ್ಕೆ ದೊಡ್ಡ ಸುದ್ದಿ.

ಇಂಥ ಮನ್ನಣೆ ಮಾತಿನಲ್ಲಿ ಉಳಿದಿದ್ದರೆ ಯಾರಿಗೂ ತೊಂದರೆ ಇರುತ್ತಿರಲಿಲ್ಲ. ಅದು ಮನೆಯ ಹೊಸ್ತಿಲು ದಾಟಿತು. ಹರಳಯ್ಯನವರ ಮಗನಿಗೂ ಬ್ರಾಹ್ಮಣ ಕುಲದಿಂದ ಬಂದ ಶರಣ ಮಧುವರಸರ ಮಗಳಿಗೂ ಮದುವೆ ನಡೆಯಿತು. ಶರಣರಾದ ಮೇಲೆ ಇಬ್ಬರಿಗೂ ಹಿಂದಿನ ಕುಲ ಇಲ್ಲ ಎಂಬುದು ಅವರ ವಾದ. ಕಳಚುರಿ ದೊರೆ ಬಿಜ್ಜಳನ ಆಸ್ಥಾನ ಅದನ್ನು ಒಪ್ಪಲಿಲ್ಲ. ಇಬ್ಬರೂ ತಂದೆಯರಿಗೆ ಎಳೆಹೂಟೆ ಶಿಕ್ಷೆ ವಿಧಿಸಲಾಯಿತು ಎಂದು ಪರಂಪರೆ ಹೇಳುತ್ತದೆ. ಕಲ್ಯಾಣದಲ್ಲಿ ಗಲಭೆಯೆದ್ದು ಬಿಜ್ಜಳನ ಕೊಲೆಯಾಯಿತು. ಶರಣರು ವಚನದ ಕಟ್ಟುಗಳೊಡನೆ ಚದುರಿದರು.

ಆ ಕಟ್ಟುಗಳು ಶತಮಾನಗಳ ಕಾಲ ಮಠ, ಮನೆಗಳ ಜಂತಿಯಲ್ಲಿ ಉಳಿದವು. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ತಾಳೆಗರಿಗಳನ್ನು ಹುಡುಕಿ ತೆಗೆದು 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಪ್ರಕಟಿಸಿದರು. 1993ರಲ್ಲಿ ರಾಜ್ಯ ಸರ್ಕಾರ ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ಹೊರತಂದಿತು. ಅಗಸ, ಅಂಬಿಗ, ಸಮಗಾರ, ಮಂತ್ರಿ ಎಲ್ಲರ ಮಾತೂ ಅಲ್ಲಿ ಒಂದೇ ಸಾಲಿನಲ್ಲಿದೆ.

ಸಮಾಜದ ಸಾಲು ಮಾತ್ರ ಬೇರೆಯಾಯಿತು. ಕುಲ ಕಳೆಯಲು ಹುಟ್ಟಿದ ಹೆಸರುಗಳು ಮತ್ತೆ ಕುಲದ ಹೆಸರುಗಳಾದವು. ಮಾಚಿದೇವ ಜಯಂತಿಗೆ ಒಂದು ಸಮುದಾಯ, ಚೌಡಯ್ಯ ಜಯಂತಿಗೆ ಇನ್ನೊಂದು ಮುಂದೆ ನಿಲ್ಲುತ್ತದೆ. ಮರೆತುಹೋಗಿದ್ದ ಹಿರಿಯರನ್ನು ನೆನೆಯುವುದು ನ್ಯಾಯವೇ. ಆದರೆ ಹರಳಯ್ಯ, ಮಧುವರಸರು ಪ್ರಾಣ ಕೊಟ್ಟದ್ದು ತಮ್ಮ ತಮ್ಮ ಕುಲಕ್ಕಲ್ಲ, ಒಬ್ಬರ ಮನೆಗೆ ಇನ್ನೊಬ್ಬರು ಬೀಗರಾದದ್ದಕ್ಕೆ. ಅಗಸರ ಬೀದಿಯಲ್ಲಿ ಚೌಡಯ್ಯನವರ ಜಯಂತಿ ನಡೆದ ದಿನ ಕಲ್ಯಾಣದ ಲೆಕ್ಕ ಸ್ವಲ್ಪವಾದರೂ ತೀರೀತು.