ಥೀಬನ್ ಲೀಜನ್

ರೋಮನ್ ಚಕ್ರವರ್ತಿ ಮ್ಯಾಕ್ಸಿಮಿಯನ್‌ನ ಆಜ್ಞೆಯಂತೆ ಆಲ್ಪ್ಸ್ ತಪ್ಪಲಿನ ಅಗಾನಂನಲ್ಲಿ (ಇಂದಿನ ಸ್ವಿಟ್ಜರ್ಲೆಂಡಿನ ಸೇಂಟ್ ಮಾರಿಸ್ ಪಟ್ಟಣ) ಕೊಲೆಯಾದರೆಂದು ಹೇಳಲಾಗುವ ಕ್ರೈಸ್ತ ಸೈನಿಕರ ದಳ. ಈಜಿಪ್ಟಿನ ಥೀಬ್ಸ್ ಪ್ರದೇಶದವರಾದ್ದರಿಂದ ಈ ಹೆಸರು. ನಾಯಕ ಮಾರಿಸ್, ಎಕ್ಸುಪೀರಿಯಸ್ ಮತ್ತು ಕ್ಯಾಂಡಿಡಸ್ ಅವನ ಜೊತೆಗಾರರು.

ಕಥೆಯ ಮೊದಲ ಬರಹರೂಪ 5ನೆಯ ಶತಮಾನದಲ್ಲಿ ಲಿಯಾನ್‌ನ ಬಿಷಪ್ ಯೂಕೇರಿಯಸ್‌ನದು. ಕ್ರೈಸ್ತರನ್ನು ಹಿಂಸಿಸಲು ಒಪ್ಪದ ಈ ಸೈನಿಕರಲ್ಲಿ ಹತ್ತಕ್ಕೊಬ್ಬನಂತೆ ಎರಡು ಬಾರಿ ಕೊಲ್ಲಿಸಿ, ಆಗಲೂ ಮಣಿಯದಿದ್ದಾಗ ಉಳಿದವರನ್ನೆಲ್ಲ ಕಡಿಸಲಾಯಿತು ಎಂಬುದು ಅವನ ನಿರೂಪಣೆ. ದಳದ ಸಂಖ್ಯೆ 6,600 ಎನ್ನುತ್ತಾನೆ. ಇನ್ನೊಂದು ಅನಾಮಧೇಯ ಪಾಠ ಘಟನೆಯನ್ನು ಗಾಲ್‌ನ ಬಗೌಡೆ ದಂಗೆಕೋರರ ಮೇಲಿನ ದಂಡಯಾತ್ರೆಗೆ, ಎಂದರೆ 285-86ರ ಸುಮಾರಿಗೆ ಜೋಡಿಸಿ, ದೇವತೆಗಳಿಗೆ ಬಲಿ ಕೊಡಲು ನಿರಾಕರಿಸಿದ್ದೇ ಕಾರಣ ಎನ್ನುತ್ತದೆ. ಎರಡೂ ಪಾಠಗಳನ್ನು ಒಂದೇ ಕಥೆಯಾಗಿ ಹೊಲಿದವರು ನಂತರದವರು. ಗೊಂದಲ ಹೆಚ್ಚಿದ್ದು ಅಲ್ಲಿಂದಲೇ.

ತೊಡಕುಗಳು ಸಣ್ಣವಲ್ಲ. ಕ್ರೈಸ್ತರ ಮೇಲೆ ಚಕ್ರವರ್ತಿ ಡಯೊಕ್ಲೀಷಿಯನ್‌ನ ಮಹಾದಮನ ಆರಂಭವಾದದ್ದು 303ರಲ್ಲಿ. ಸೈನ್ಯದಿಂದ ಕ್ರೈಸ್ತರನ್ನು ಹೊರಹಾಕುವ ಕ್ರಮ ಅದಕ್ಕೆ ಕೆಲವೇ ವರ್ಷ ಹಿಂದಿನದು. ಹಾಗಾಗಿ 286ರಲ್ಲಿ ಇಂಥ ಸಾಮೂಹಿಕ ಹತ್ಯೆ ಹೊಂದುವುದಿಲ್ಲ. ಆ ಕಾಲಕ್ಕೆ ಹತ್ತಿರದ ಕ್ರೈಸ್ತ ಲೇಖಕರಾದ ಯೂಸೇಬಿಯಸ್, ಲ್ಯಾಕ್ಟಾಂಟಿಯಸ್ ಇಬ್ಬರೂ ಇದರ ಸುದ್ದಿ ಎತ್ತುವುದಿಲ್ಲ. ಯೂಕೇರಿಯಸ್‌ನಿಗೆ ವಿಷಯ ತಲುಪಿದ್ದೂ ಬಾಯಿಂದ ಬಾಯಿಗೆ: ಜಿನೀವಾದ ಬಿಷಪ್ ಐಸಾಕ್‌ನಿಂದ ಕೇಳಿದವರು ಅವನಿಗೆ ಹೇಳಿದರು, ಐಸಾಕ್‌ನಿಗೆ ಅದು ಬಹುಶಃ ಆಕ್ಟೊಡೂರಂನ ಬಿಷಪ್ ಥಿಯೊಡೋರ್‌ನಿಂದ ಬಂದದ್ದು. ಹುತಾತ್ಮರ ಅಸ್ಥಿಗಳು ಪ್ರಕಟವಾದವೆನ್ನುವುದು ಈ ಥಿಯೊಡೋರ್‌ನಿಗೇ. ಅವನು 381ರ ಅಕ್ವಿಲೇಯಾ ಸಭೆಯಲ್ಲಿದ್ದವನು. ಎಂದರೆ ಘಟನೆಗೂ ಅವನಿಗೂ ನಡುವೆ ಎರಡು ಮೂರು ತಲೆಮಾರಿನ ಮೌನವಿದೆ. ಇತಿಹಾಸಕಾರ ಡೆನಿಸ್ ವಾನ್ ಬೆರ್ಶೆಂ 1956ರಲ್ಲಿ ಇಡೀ ಕಥೆಯ ಮೂಲವನ್ನು ಥಿಯೊಡೋರ್‌ನಲ್ಲೇ ಗುರುತಿಸಿದ. ಥೀಬನ್ ಹೆಸರಿನ ದಳಗಳು ರೋಮನ್ ಸೈನ್ಯದಲ್ಲಿದ್ದವೆಂಬುದನ್ನು 'ನೊಟಿಷಿಯ ಡಿಗ್ನಿಟಾಟಂ' ಎಂಬ ಹುದ್ದೆ-ದಳಗಳ ಪಟ್ಟಿ ತೋರಿಸುತ್ತದೆ ನಿಜ; ಅದರಿಂದ ಹತ್ಯೆ ಸಾಬೀತಾಗುವುದಿಲ್ಲ. ಕೆಲವೇ ಸೈನಿಕರ ಮರಣದಂಡನೆ ಬೆಳೆದು ಇಡೀ ಲೀಜನ್ ಆಗಿರಬಹುದೆಂಬ ನಡುದಾರಿಯೂ ಉಂಟು.

ಸೈನ್ಯದ ಕಾರಣಕ್ಕೇ ಪ್ರಾಣ ತೆತ್ತ ಕ್ರೈಸ್ತರ ಹೋಲಿಕೆಗೆ ಆಫ್ರಿಕಾದ ಎರಡು ಪ್ರಕರಣ ಸಾಕು. 295ರಲ್ಲಿ ಟೆಬೆಸ್ಸಾದಲ್ಲಿ ಸೇನೆಗೆ ಸೇರಲೊಲ್ಲದ 21ರ ಯುವಕ ಮ್ಯಾಕ್ಸಿಮಿಲಿಯನ್, 298ರಲ್ಲಿ ಸೈನಿಕ ಸೊಂಟಪಟ್ಟಿ ಕಳಚಿ ಎಸೆದ ಸೆಂಚುರಿಯನ್ ಮಾರ್ಸೆಲಸ್. ಇವರ ವಿಚಾರಣೆಯ ಕಥನಗಳು ನ್ಯಾಯಾಲಯದ ದಾಖಲೆಯ ಧಾಟಿಯವು, ಪವಾಡಗಳಿಲ್ಲದವು. ಇತಿಹಾಸಕಾರರು ಹೆಚ್ಚು ನೆಚ್ಚುವುದು ಇಂಥವನ್ನೇ.

ಆರಾಧನೆಗೆ ಈ ಸಂಶಯಗಳು ಅಡ್ಡಿಯಾಗಲಿಲ್ಲ. 515ರಲ್ಲಿ ಬರ್ಗಂಡಿಯನ್ನರ ರಾಜವಂಶದ ಸಿಗಿಸ್ಮಂಡ್ ಅಗಾನಂನಲ್ಲಿ ಮಠ ಕಟ್ಟಿಸಿದ. ಅದು ಇಂದಿಗೂ ನಡೆಯುತ್ತಿದೆ. 13ನೆಯ ಶತಮಾನದ ಮಗ್ಡೆಬರ್ಗ್ ಶಿಲ್ಪ ಮಾರಿಸ್‌ನನ್ನು ಕರಿಯ ಆಫ್ರಿಕನ್ ಯೋಧನಾಗಿ ಕಡೆದಿದೆ. ಎಲ್ ಗ್ರೆಕೊ ಸ್ಪೇನಿನ ಎರಡನೆಯ ಫಿಲಿಪ್‌ಗಾಗಿ ಬರೆದ ಮಾರಿಸ್ ಬಲಿದಾನದ ಚಿತ್ರ ಆ ದೊರೆಗೆ ಹಿಡಿಸಲಿಲ್ಲ. ರೋಮನ್ ಕ್ಯಾಥೊಲಿಕ್ ಸಭೆ 1969ರಲ್ಲಿ ಮಾರಿಸ್ ಮತ್ತು ಜೊತೆಗಾರರ ಹಬ್ಬವನ್ನು ಸಾರ್ವತ್ರಿಕ ಪಂಚಾಂಗದಿಂದ ಕೈಬಿಟ್ಟು ಸ್ಥಳೀಯ ಆಚರಣೆಗೆ ಬಿಟ್ಟಿತು; ದಿನ ಸೆಪ್ಟೆಂಬರ್ 22.